ಸೋಲಿನ ಮರುದಿನ

ಕಾಲ್ಚೆಂಡಾಟದ ವಿಷಯವಾಗಿ ಬರೆಯುವ ಅಧಿಕಾರವು ನನಗಿಲ್ಲವೆಂಬುದನ್ನು ಮೊದಲಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಚಿಕ್ಕಂದಿನಲ್ಲಿ ನಾನು ಚೆಂಡನ್ನು ಒದ್ದುದು ನಾಲ್ಕಾರು ಸಲ. ಅವುಗಳಲ್ಲೊಮ್ಮೆ ಅದು ನೆರೆಮನೆಯವರು ಬಿಸಿಲಿಗಿಟ್ಟಿದ್ದ ಉಪ್ಪಿನಕಾಯಿಯ ಜಾಡಿಯ ಮೇಲೆ ಬಿದ್ದಿತು. ಅಲ್ಲಿಗೆ ನನ್ನ ಆಟವು ಪರಿಸಮಾಪ್ತವಾಯಿತು. ಆಮೇಲೆ ನಾನು ಓದಿದುದು ಚರಿತ್ರೆ. ಹೊಟ್ಟೆ ಹೊರೆದುಕೊಂಡುದೂ ಚರಿತ್ರೆಯ ಪಾಠ ಹೇಳಿಯೇ. ಆದರೂ ಈ ಸಂಚಿಕೆಗೆ ಈ ವಿಷಯವನ್ನೇ ಎತ್ತಿಕೊಂಡಿರುವುದಕ್ಕೆ ನನ್ನ ಮೊಮ್ಮಗನು ಕಾರಣ. ಬಹುಕಾಲದಿಂದ ನನ್ನೊಳಗೆ ಮುಚ್ಚಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ಅವನು ತನಗೆ ತಿಳಿಯದೆಯೇ ಕೆದಕಿದನು.

2024ರ ನವೆಂಬರ್ 23ನೆಯ ತಾರೀಖು, ಶನಿವಾರದ ರಾತ್ರಿ. ಮನೆಯವರೆಲ್ಲರೂ ಮಲಗಿದ್ದರು. ವಯಸ್ಸಾದವರಿಗೆ ನಿದ್ರೆಯು ಕರೆದಾಗ ಬರುವುದಿಲ್ಲ. ನಾನು ನಡುಮನೆಯಲ್ಲಿ ಮೊಮ್ಮಗನ ಪಕ್ಕದಲ್ಲಿ ಕುಳಿತು ಟೆಲಿವಿಷನ್ನನ್ನು ನೋಡುತ್ತಿದ್ದೆನು. ಅವನ ಇಷ್ಟದೈವವಾದ ಮ್ಯಾಂಚೆಸ್ಟರ್ ಸಿಟಿ ಎಂಬ ತಂಡವು 2021ರಿಂದ 2024ರವರೆಗೆ ಸತತವಾಗಿ ನಾಲ್ಕು ವರ್ಷ ಇಂಗ್ಲೆಂಡಿನ ಲೀಗನ್ನು ಗೆದ್ದುಕೊಂಡಿತ್ತು. ಆ ತಂಡವು ಆ ತಿಂಗಳಲ್ಲಿ ಒಂದರ ಮೇಲೊಂದರಂತೆ ಸೋಲುತ್ತ ಬಂದು, ಅಂದು ತನ್ನ ಅಂಗಳದಲ್ಲಿಯೇ ಟಾಟೆನ್‌ಹ್ಯಾಮ್ ತಂಡದಿಂದ ನಾಲ್ಕು ಗೋಲುಗಳನ್ನು ಹೊಡೆಸಿಕೊಂಡಿತು. ತಾನು ಒಂದನ್ನೂ ಹೊಡೆಯಲಿಲ್ಲ. ಎಣಿಸಿದರೆ ಅದು ಸಾಲಾಗಿ ಐದನೆಯ ಸೋಲು. ಹುಡುಗನು ಮೊದಲು ಅತ್ತಂತೆ ಮಾಡಿದನು, ಆಮೇಲೆ ಸಿಟ್ಟಾದನು. “ಮೊದಲು ಆ ಕೋಚನ್ನು ತೆಗೆದುಹಾಕಬೇಕು” ಎಂದನು. ಸ್ವಲ್ಪ ಹೊತ್ತಿನ ಮೇಲೆ ದನಿ ಇಳಿಸಿ, “ತಾತ, ಇಷ್ಟು ಮೇಲೆ ಇದ್ದವರು ಒಮ್ಮೆ ಹೀಗೆ ಬಿದ್ದಮೇಲೆ ಮತ್ತೆ ಮೊದಲಿನ ಹಾಗೆ ಆಗುತ್ತಾರೆಯೆ? ನೀವು ಹಿಸ್ಟರಿ ಮೇಷ್ಟ್ರಲ್ಲವೆ, ಹೇಳಿ” ಎಂದು ಕೇಳಿದನು.

ಮಲಗು, ನಾಳೆ ಹೇಳುತ್ತೇನೆ, ಎಂದು ದೀಪವನ್ನು ಆರಿಸಿದೆನು. ಆದರೆ ನನಗೆ ನಿದ್ರೆಯು ಬರಲಿಲ್ಲ. ಅವನ ಪ್ರಶ್ನೆಗಿಂತ ಅದರ ಹಿಂದಿನ ಮಾತು ನನ್ನನ್ನು ಹೆಚ್ಚಾಗಿ ಬಾಧಿಸಿತು.

ಚರಿತ್ರೆಯನ್ನು ಕಲಿಸಿದವನಿಗೆ ಇಂತಹ ಪ್ರಶ್ನೆಯು ಹೊಸದಲ್ಲ. 1565ರಲ್ಲಿ ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ರಾಮರಾಯನ ತಲೆ ಬಿದ್ದ ದಿನವೇ ವಿಜಯನಗರವು ಮುಗಿಯಿತೆಂದು ಹುಡುಗರು ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ನಾನು ಕೆಂಪು ಶಾಯಿಯಿಂದ ಗೆರೆಯೆಳೆಯುತ್ತಿದ್ದೆನು. ಹಂಪೆಯು ಹಾಳಾಯಿತು, ನಿಜ. ಆದರೆ ತಿರುಮಲರಾಯನು ಪೆನುಗೊಂಡೆಯಲ್ಲಿ ರಾಜ್ಯವನ್ನು ಕೂಡಿಸಿಕೊಂಡನು; 1586ರಿಂದ 1614ರವರೆಗೆ ಆಳಿದ ವೇಂಕಟಪತಿರಾಯನ ಕಾಲದಲ್ಲಿ ಕಳೆದುಹೋದುದರಲ್ಲಿ ಎಷ್ಟೋ ಭಾಗವು ಕೈಗೆ ಬಂದಿತ್ತು. ಅವನು ಕಣ್ಣು ಮುಚ್ಚಿದ ಮೇಲೆ ಸಿಂಹಾಸನಕ್ಕಾಗಿ ಮನೆಯೊಳಗಿನವರೇ ಹೊಡೆದಾಡಿಕೊಂಡುದರಿಂದ ಆದ ಹಾನಿಯನ್ನು ತುಂಬಿಕೊಳ್ಳುವುದು ಮಾತ್ರ ಮತ್ತೆ ಸಾಧ್ಯವಾಗಲಿಲ್ಲ. ಇದನ್ನೇ ಮೊಮ್ಮಗನಿಗೆ ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಕಾಲ್ಚೆಂಡಿನ ಪ್ರಶ್ನೆಗೆ ಕಾಲ್ಚೆಂಡಿನಿಂದಲೇ ಉತ್ತರ ಹೇಳುವುದು ನ್ಯಾಯ. ಹಾಗೆ ಹೇಳುವುದಾದರೆ ನಾನು ಬಲ್ಲ ಕಥೆಯು ಒಂದೇ. ಅದು ಹಂಗೆರಿ ದೇಶದ ತಂಡದ ಕಥೆ. 2006ರ ನವೆಂಬರಿನಲ್ಲಿ ಫೆರೆನ್ಸ್ ಪುಷ್ಕಾಶ್ ಎಂಬ ಆಟಗಾರನು ಬುಡಾಪೆಸ್ಟಿನಲ್ಲಿ ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದ ಬರೆಹವನ್ನು ಓದಿ, ಯಾವ ಕಾರಣಕ್ಕೋ ಬಿಡಲಾರದೆ, ಗ್ರಂಥಾಲಯದಲ್ಲಿ ಸಿಕ್ಕುದನ್ನೆಲ್ಲ ಹುಡುಕಿ ಓದಿದೆನು. ಆ ಕಾರಣವು ಯಾವುದೆಂಬುದು ವಾಚಕರಿಗೆ ಮುಂದೆ ತಿಳಿಯುತ್ತದೆ.

ಬುಡಾಪೆಸ್ಟ್ ನಗರದ ಅಂಚಿನಲ್ಲಿ ಕಿಶ್ಪೆಶ್ಟ್ ಎಂಬ ಬಡ ಬಡಾವಣೆಯೊಂದಿದೆ. ಅಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದ ಇಬ್ಬರು ಹುಡುಗರು ಪುಷ್ಕಾಶ್ ಮತ್ತು ಬೋಜಿಕ್. 1949ರಲ್ಲಿ ಹಂಗೆರಿಯ ಸರಕಾರವು ಆ ಬಡಾವಣೆಯ ತಂಡವನ್ನು ಸೈನ್ಯಕ್ಕೆ ಸೇರಿಸಿ, ಹೊನ್ವೇದ್ ಎಂದು ಹೆಸರಿಟ್ಟು, ದೇಶದ ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಅಲ್ಲಿಗೆ ತಂದು ಕೂಡಿಸಿತು. ಬಂದೂಕನ್ನು ಹಿಡಿದು ಯುದ್ಧ ಮಾಡದಿದ್ದರೂ ಅವರಿಗೆಲ್ಲ ಸೈನ್ಯದ ಪದವಿಗಳು, ಪುಷ್ಕಾಶನು ಮೇಜರು. ರಾಷ್ಟ್ರತಂಡದ ಮುಖ್ಯಸ್ಥನಾದ ಗುಸ್ತಾವ್ ಶೆಬೆಶನಿಗೆ ಇದರಿಂದ ಅನುಕೂಲವಾಯಿತು. ಬೇರೆ ದೇಶಗಳ ರಾಷ್ಟ್ರತಂಡಗಳು ವರ್ಷಕ್ಕೆ ನಾಲ್ಕಾರು ಸಲ ಒಟ್ಟುಗೂಡಿ, ಒಬ್ಬರ ನಡಿಗೆಯನ್ನು ಒಬ್ಬರು ಅರಿಯುವಷ್ಟರಲ್ಲಿ ಚದರಿಹೋಗುತ್ತಿದ್ದುವು. ಹಂಗೆರಿಯ ಹನ್ನೊಂದು ಮಂದಿಯಲ್ಲಿ ಅರ್ಧಕ್ಕೆ ಹೆಚ್ಚು ಜನ ದಿನಬೆಳಗಾದರೆ ಒಂದೇ ಬಯಲಿನಲ್ಲಿ ಆಡುತ್ತಿದ್ದರು. ಪುಷ್ಕಾಶನು ಎಲ್ಲಿಗೆ ಓಡುವನೆಂಬುದು ಬೋಜಿಕನಿಗೆ ಗೊತ್ತಾಗಬೇಕಾದರೆ ಅವನು ತಲೆಯೆತ್ತಿ ನೋಡಬೇಕಾಗಿರಲಿಲ್ಲ.

ಅವರ ಆಟದಲ್ಲಿ ಒಂದು ಉಪಾಯವೂ ಇದ್ದಿತು. ಆ ಕಾಲದಲ್ಲಿ 9ನೆಯ ಸಂಖ್ಯೆಯ ಅಂಗಿಯನ್ನು ತೊಟ್ಟವನು ಎದುರಾಳಿಯ ಗೋಲಿನ ಮುಂದೆಯೇ ನಿಲ್ಲತಕ್ಕವನು. ಅವನನ್ನು ಕಾಯುವುದಕ್ಕೆಂದೇ ಎದುರು ತಂಡದ ಒಬ್ಬನು ನಡುವೆ ನಿಂತಿರುತ್ತಿದ್ದನು. ಹಂಗೆರಿಯಲ್ಲಿ ಆ ಅಂಗಿಯನ್ನು ತೊಟ್ಟ ಹಿಡೆಗ್ಕುಟಿಯು ಅಲ್ಲಿ ನಿಲ್ಲದೆ ಬಯಲಿನ ನಡುವಿಗೆ ಹಿಂದೆ ಸರಿದುಬಿಡುವನು. ಕಾವಲುಗಾರನು ಅವನ ಬೆನ್ನು ಹತ್ತಿದರೆ ಬಾಗಿಲು ತೆರೆದಂತಾಯಿತು. ಇದ್ದಲ್ಲಿಯೇ ಇದ್ದರೆ ಹಿಡೆಗ್ಕುಟಿಯನ್ನು ತಡೆಯುವವರಿಲ್ಲ. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ಲಕ್ಷಕ್ಕೂ ಹೆಚ್ಚು ಜನರ ಮುಂದೆ ಇಂಗ್ಲಿಷರು ಈ ಇಕ್ಕಟ್ಟಿಗೆ ಸಿಕ್ಕಿದರು. ಆಟ ಮೊದಲಾಗಿ ಒಂದು ನಿಮಿಷವು ತುಂಬುವ ಮೊದಲೇ ಹಿಡೆಗ್ಕುಟಿಯು ಗೋಲನ್ನು ಹೊಡೆದನು. ಕೊನೆಗೆ ಅವನೊಬ್ಬನವೇ ಮೂರು. ಯುರೋಪು ಖಂಡದ ಮುಖ್ಯಭೂಮಿಯ ಯಾವ ತಂಡಕ್ಕೂ ತಮ್ಮ ನೆಲದಲ್ಲಿ ಅದುವರೆಗೆ ಸೋಲದಿದ್ದ ಇಂಗ್ಲಿಷರು ಆರಕ್ಕೆ ಮೂರರಿಂದ ಸೋತರು. ಸೇಡು ತೀರಿಸಿಕೊಳ್ಳಲೆಂದು ಆರು ತಿಂಗಳ ಮೇಲೆ ಬುಡಾಪೆಸ್ಟಿಗೆ ಹೋಗಿ ಏಳಕ್ಕೆ ಒಂದರಿಂದ ಸೋತು ಬಂದರು. ನಮ್ಮನ್ನು ಆಳಿ ಹೋದ ಜನವೆಂಬ ಕಾರಣದಿಂದ ಈ ಭಾಗವನ್ನು ಓದುವಾಗ ನನಗೆ ಉಂಟಾದ ಸಂತೋಷವು ಚರಿತ್ರೆಯ ಉಪಾಧ್ಯಾಯನಿಗೆ ತಕ್ಕುದಾಗಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

1950ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಸೋತಮೇಲೆ ಹಂಗೆರಿಯವರು ನಾಲ್ಕು ವರ್ಷಗಳ ಕಾಲ, ಮೂವತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ, ಒಮ್ಮೆಯೂ ಸೋಲಲಿಲ್ಲ. ನಡುವೆ 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕವೂ ಬಂದಿತು. 1954ರ ಬೇಸಗೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ವಿಶ್ವಕಪ್ಪಿಗೆ ಅವರು ಹೋದಾಗ, ಯಾರು ಗೆಲ್ಲುವರೆಂಬ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ. ಕೊರಿಯಕ್ಕೆ ಒಂಬತ್ತು ಗೋಲು. ಪಶ್ಚಿಮ ಜರ್ಮನಿಗೆ ಎಂಟಕ್ಕೆ ಮೂರು. ಈ ಎರಡನೆಯ ಪಂದ್ಯದಲ್ಲಿ ಜರ್ಮನಿಯ ಹೆರ್ಬೆರ್ಗರನು ತನ್ನ ಮುಖ್ಯ ಆಟಗಾರರಲ್ಲಿ ಹಲವರನ್ನು ಬಯಲಿಗಿಳಿಸದೆ ಕೂಡಿಸಿಕೊಂಡಿದ್ದನು. ಅದೇ ಪಂದ್ಯದಲ್ಲಿ ಪುಷ್ಕಾಶನ ಕಾಲಿನ ಹರಡಿಗೆ ಒದೆ ಬಿದ್ದು ಅವನು ಮುಂದಿನ ಎರಡು ಪಂದ್ಯಗಳಲ್ಲಿ ಆಡಲಾರದೆ ಹೋದನು. ಆದರೂ ಬ್ರೆಜಿಲ್ ಸೋತಿತು. ವಿಶ್ವಕಪ್ಪಿನಲ್ಲಿ ಅಂದಿನವರೆಗೆ ಸೋತೇ ಇರದಿದ್ದ ಉರುಗ್ವಾಯ್ ಹೆಚ್ಚಿನ ವೇಳೆಯ ಆಟದಲ್ಲಿ ಸೋತಿತು.

ಜುಲೈ 4. ಬೆರ್ನ್ ನಗರದ ವಾಂಕ್‌ಡೋರ್ಫ್ ಕ್ರೀಡಾಂಗಣ. ಮಳೆ. ಎದುರಿಗೆ ಮತ್ತೆ ಅದೇ ಪಶ್ಚಿಮ ಜರ್ಮನಿ. ಪೂರ್ತಿ ಗುಣವಾಗದ ಕಾಲಿನಿಂದ ಪುಷ್ಕಾಶನು ಬಯಲಿಗಿಳಿದು ಆರನೆಯ ನಿಮಿಷದಲ್ಲಿ ಗೋಲು ಹೊಡೆದನು. ಎಂಟನೆಯ ನಿಮಿಷದಲ್ಲಿ ಚಿಬೋರನು ಇನ್ನೊಂದನ್ನು ಹೊಡೆದನು. ಆದರೆ ಹದಿನೆಂಟನೆಯ ನಿಮಿಷಕ್ಕೆಲ್ಲ ಜರ್ಮನರು ಸರಿಗಟ್ಟಿಕೊಂಡರು. ಆಮೇಲೆ ಒಂದು ಗಂಟೆಗೂ ಮಿಕ್ಕ ಕಾಲ ಹಂಗೆರಿಯವರು ಒದ್ದ ಚೆಂಡು ಕಂಬಕ್ಕೆ ಬಡಿಯಿತು, ಅಡ್ಡಪಟ್ಟಿಗೆ ಬಡಿಯಿತು, ಗೋಲಿಯ ಕೈಗೆ ಬಡಿಯಿತು. ಒಳಕ್ಕೆ ಮಾತ್ರ ಹೋಗಲಿಲ್ಲ. 84ನೆಯ ನಿಮಿಷದಲ್ಲಿ ರಾನ್ ಎಂಬವನು ಎಡಗಾಲಿನಿಂದ ಒದ್ದನು; ಗ್ರೋಶಿಚನು ನೀಳವಾಗಿ ಹಾರಿದರೂ ಅದು ಅವನಿಗೆ ಎಟುಕಲಿಲ್ಲ. ಕೊನೆಯಲ್ಲಿ ಪುಷ್ಕಾಶನು ಹೊಡೆದ ಗೋಲನ್ನು ಗೆರೆಯ ಬಳಿಯ ತೀರ್ಪುಗಾರನು ಬಾವುಟವೆತ್ತಿ ಆಫ್‌ಸೈಡ್ ಎಂದನು. ಮೂರಕ್ಕೆ ಎರಡು. ಐದು ಪಂದ್ಯಗಳಲ್ಲಿ 27 ಗೋಲುಗಳನ್ನು ಹೊಡೆದ ತಂಡವು ಬಟ್ಟಲಿಲ್ಲದೆ ಮನೆಗೆ ಹೊರಟಿತು.

ಇಲ್ಲಿಗೆ ಮುಗಿಯಿತೆಂದೇ ಬಹುಮಂದಿ ಬರೆದಿದ್ದಾರೆ. ಆದರೆ ದಾಖಲೆಗಳನ್ನು ತೆರೆದು ನೋಡಿದರೆ ಬೇರೊಂದು ಸಂಗತಿಯು ಕಾಣುತ್ತದೆ. ಆ ಸೋಲಿನ ತರುವಾಯ ಹಂಗೆರಿಯವರು 1956ರ ಫೆಬ್ರವರಿಯವರೆಗೆ 18 ಪಂದ್ಯಗಳಲ್ಲಿ ಮತ್ತೆ ಸೋಲಲಿಲ್ಲ. 1954ರ ಡಿಸೆಂಬರಿನಲ್ಲಿ ಗ್ಲಾಸ್ಗೋ ನಗರಕ್ಕೆ ಹೋಗಿ ಸ್ಕಾಟ್ಲೆಂಡನ್ನು ನಾಲ್ಕಕ್ಕೆ ಎರಡರಿಂದ ಗೆದ್ದು ಬಂದರು. ಸೋಜಿಗವೇನೆಂದರೆ, ಬಟ್ಟಲನ್ನು ಕೊಂಡೊಯ್ದ ಜರ್ಮನರು ಅದೇ ವರ್ಷದ ಕೊನೆಯೊಳಗೆ ಬೆಲ್ಜಿಯಂ, ಫ್ರಾನ್ಸ್, ಇಂಗ್ಲೆಂಡ್ ಮೂರಕ್ಕೂ ಸೋತರು. ಅವರಲ್ಲಿ ಹಲವರಿಗೆ ಕಾಮಾಲೆಯೂ ಹತ್ತಿತ್ತು. ಗೆದ್ದವರು ಹಾಸಿಗೆ ಹಿಡಿದಿದ್ದಾಗ ಸೋತವರು ಗೆಲ್ಲುತ್ತಿದ್ದರು. ಹಾಗಾದರೆ ತಂಡವನ್ನು ಸೋಲು ಮುರಿಯಲಿಲ್ಲ. ಮುರಿದುದು ಯಾವುದು?

ಬೆರ್ನಿನ ಸುದ್ದಿಯು ಬಂದ ಕೂಡಲೇ ಬುಡಾಪೆಸ್ಟಿನ ಜನರು ಬೀದಿಗಿಳಿದರು. ನಾಲ್ಕು ವರ್ಷ ಹೂಮಾಲೆ ಹಾಕಿದ ಕೈಗಳೇ ಕಲ್ಲನ್ನು ಹುಡುಕಿದುವು. ಆಟಗಾರರು ಬಟ್ಟಲನ್ನು ಮಾರಿಕೊಂಡರೆಂಬ ಪಿಸುಮಾತು ಹುಟ್ಟಿತು. ಅದಕ್ಕೆ ಆಧಾರವೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗೋಲಿಯಾದ ಗ್ರೋಶಿಚನ ಮೇಲೆ ಆ ವರ್ಷದ ಕೊನೆಯಲ್ಲಿ ದೇಶದ್ರೋಹದ ಶಂಕೆಯನ್ನು ಹೊರಿಸಿ ವಿಚಾರಣೆ ನಡೆಸಿದರು. ರುಜುವಾತಿಲ್ಲದೆ ಮೊಕದ್ದಮೆಯು ಬಿದ್ದುಹೋದರೂ ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ರಾಷ್ಟ್ರತಂಡದಿಂದ ಹೊರಗುಳಿದನು. ಆಮೇಲೆ ಹೊನ್ವೇದನ್ನು ಬಿಟ್ಟು ಟಾಟಾಬಾನ್ಯಾ ಎಂಬ ಗಣಿಯ ಊರಿನ ತಂಡಕ್ಕೆ ಹೋಗಬೇಕಾಯಿತು.

ಗ್ರೋಶಿಚನ ಈ ಕಥೆಯನ್ನು ಓದಿದ ಸಾಯಂಕಾಲ ನಾನು ಪುಸ್ತಕವನ್ನು ಮುಚ್ಚಿಟ್ಟು ಗ್ರಂಥಾಲಯದ ಹೊರಗೆ ಬಂದು ಬಹಳ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದೆನು. ಆ ಕಾರಣವನ್ನು ಈಗ ಹೇಳುತ್ತೇನೆ.

1971ರಲ್ಲಿ ನಾನು ಒಂದು ಸಣ್ಣ ಊರಿನ ಹೈಸ್ಕೂಲಿಗೆ ಉಪಾಧ್ಯಾಯನಾಗಿ ಹೋದೆನು. ಊರನ್ನೂ ಶಾಲೆಯನ್ನೂ ಹೆಸರಿಸುವುದಿಲ್ಲ. ಆ ಶಾಲೆಯ ಹುಡುಗರು ಕಾಲ್ಚೆಂಡಾಟದಲ್ಲಿ ಜಿಲ್ಲೆಗೇ ಮೊದಲಿಗರು. 1969ರಿಂದ 1973ರವರೆಗೆ ಐದು ವರ್ಷ ಜಿಲ್ಲೆಯ ಫಲಕವು ಅವರ ಕೈಬಿಟ್ಟು ಹೋಗಿರಲಿಲ್ಲ. ಅವರನ್ನು ತಿದ್ದಿದವರು ನಮ್ಮ ಡ್ರಿಲ್ ಮೇಷ್ಟರು. ಐವತ್ತರ ಹತ್ತಿರದ ವಯಸ್ಸು, ಬತ್ತಿದ ಮೈ, ಖಾಕಿ ಚಡ್ಡಿಗೆ ಮಂಡಿಯವರೆಗಿನ ಕಾಲುಚೀಲ. ಮಾತು ಕಡಿಮೆ. ಹೊತ್ತು ಮೂಡುವ ಮೊದಲೇ ಹುಡುಗರನ್ನು ಕೆರೆಯ ಏರಿಯ ಮೇಲೆ ಓಡಿಸುವರು. ಸಂಜೆ ಬಯಲಿನಲ್ಲಿ ಆಡಿಸುವರು. ಬಡ ಹುಡುಗರೇ ಹೆಚ್ಚು. ಆಟ ಮುಗಿದಮೇಲೆ ನೆನೆಸಿದ ಕಡಲೆಕಾಳನ್ನು ತಮ್ಮ ಮನೆಯಿಂದಲೇ ತಂದು ಹಿಡಿಹಿಡಿಯಾಗಿ ಹಂಚುತ್ತಿದ್ದರು. ಗೆದ್ದು ಬಂದಾಗ ಊರಿನವರು ಓಲಗ ಊದಿಸಿ ಮೆರವಣಿಗೆ ಮಾಡುತ್ತಿದ್ದರು. ಆಡಳಿತ ಮಂಡಲಿಯ ದೊಡ್ಡವರು ಜೀಪಿನಲ್ಲಿ ಮುಂದೆ ಕುಳಿತುಕೊಳ್ಳುವರು, ಮೇಷ್ಟರು ಹುಡುಗರ ಹಿಂದೆ ಸೈಕಲ್ಲನ್ನು ತಳ್ಳಿಕೊಂಡು ಬರುವರು.

1974ರ ಸೆಪ್ಟೆಂಬರಿನಲ್ಲಿ ಅಂತಿಮ ಪಂದ್ಯವು ಬೇರೊಂದು ತಾಲ್ಲೂಕಿನಲ್ಲಿ ನಡೆಯಿತು. ಹಿಂದಿನ ಸಾಯಂಕಾಲ ಮೇಷ್ಟರು ನನ್ನ ಕೋಣೆಗೆ ಬಂದು ಬಾಗಿಲಲ್ಲಿಯೇ ನಿಂತು, “ಸ್ವಾಮಿ, ಹದಿನೈದು ರೂಪಾಯಿ ಇದ್ದರೆ ಕೊಟ್ಟಿರಿ. ನಾಳೆ ಹುಡುಗರಿಗೆ ಬಾಳೆಹಣ್ಣು, ಸೋಡಾ ಆಗಬೇಕು. ಒಂದನೆಯ ತಾರೀಖು ಕೊಡುತ್ತೇನೆ” ಎಂದರು. ಕೊಟ್ಟೆನು. ಮರುದಿನ ಮಳೆ ಹೊಯ್ಯಿತು. ಆಟವು ಸರಿಸಮವಾಗಿಯೇ ನಡೆದಿತ್ತು. ಕೊನೆಯ ಹತ್ತು ನಿಮಿಷವಿರುವಾಗ, ದೂರದಿಂದ ಸುಮ್ಮನೆ ತೂರಿ ಬಂದ ಒಂದು ಚೆಂಡು ನಮ್ಮ ಗೋಲಿಯ ಒದ್ದೆ ಕೈಯಿಂದ ಜಾರಿ ಕಾಲಿನ ನಡುವೆ ಉರುಳಿ ಒಳಕ್ಕೆ ಹೋಯಿತು. ನೇಕಾರರ ಮನೆಯ ಹುಡುಗ, ಹದಿನೈದು ವರ್ಷದವನು. ಅವನು ಎದ್ದು ಚೆಂಡನ್ನು ತರಲು ಹೋಗಲಿಲ್ಲ; ಬೇರೆಯವರು ತಂದರು.

ಊರಿಗೆ ಮರಳಿದಾಗ ಓಲಗದವರು ಬಂದಿದ್ದವರು ಹಾಗೆಯೇ ಹಿಂದಿರುಗಿದ್ದರು. ಒಂದು ವಾರದೊಳಗೆ ಮಾತು ಹಬ್ಬಿತು: ಹಿಂದಿನ ವರ್ಷದ ಗೋಲಿಯನ್ನು, ಅಂದರೆ ಊರಿನ ಮಂಡಿಯ ಯಜಮಾನರೊಬ್ಬರ ಮಗನನ್ನು, ಬಿಟ್ಟು ಈ ಹುಡುಗನನ್ನು ನಿಲ್ಲಿಸಿದುದೇಕೆ? ಮೇಷ್ಟರು ಎದುರು ಕಡೆಯವರಿಂದ ಹಣ ತಿಂದಿದ್ದಾರೆ. ಆಡಳಿತ ಮಂಡಲಿಯು ಸಭೆ ಸೇರಿತು. ಕ್ರೀಡಾಸಮಿತಿಗೆ ನಾನು ಕಾರ್ಯದರ್ಶಿ. ನನ್ನ ಅಕ್ಷರ ದುಂಡಗಿದ್ದುದರಿಂದ ಆ ಪದವಿಯು ನನಗೆ ಬಂದಿತ್ತು. ಅಧ್ಯಕ್ಷರು ಎಲ್ಲರ ಮುಖವನ್ನೂ ನೋಡಿ, “ಈ ವಿಷಯದಲ್ಲಿ ಯಾರಿಗಾದರೂ ಏನಾದರೂ ತಿಳಿದಿದ್ದರೆ ಹೇಳಬಹುದು” ಎಂದರು. ಪಂದ್ಯದ ಹಿಂದಿನ ದಿನ ಹದಿನೈದು ರೂಪಾಯಿಗಾಗಿ ನನ್ನ ಬಾಗಿಲಲ್ಲಿ ನಿಂತ ಮನುಷ್ಯನು ಹಣ ತಿಂದವನಾಗಿರಲಾರನೆಂಬುದು ನನಗೊಬ್ಬನಿಗೆ ಗೊತ್ತಿತ್ತು. ನನ್ನ ಕೆಲಸವಿನ್ನೂ ಖಾಯಂ ಆಗಿರಲಿಲ್ಲ. ನಾನು ಸುಮ್ಮನಿದ್ದೆನು. “ಸೋಲಿನ ಹೊಣೆಯನ್ನು ಪರಿಗಣಿಸಿ ಸದರಿಯವರನ್ನು ಕ್ರೀಡಾತರಬೇತಿಯಿಂದ ಬಿಡುಗಡೆ ಮಾಡಿ, ಕೆಳಗಿನ ತರಗತಿಗಳ ಡ್ರಿಲ್ಲಿಗೆ ಮಾತ್ರ ನೇಮಿಸಲಾಗಿದೆ” ಎಂದು ನಾನೇ ಬರೆದು ಸಹಿ ಮಾಡಿದೆನು.

ಮರುದಿನ ಮೇಷ್ಟರು ಸಾಮಾನುಗಳನ್ನು ಒಪ್ಪಿಸಲು ಬಂದರು. ಚೆಂಡು ಮೂರು, ಬ್ಲಾಡರು ಐದು, ಗಾಳಿ ಹಾಕುವ ಪಂಪು ಒಂದು, ಸೀಟಿ ಒಂದು. ಒಂದೊಂದನ್ನೇ ಮೇಜಿನ ಮೇಲಿಟ್ಟರು. ನಾನು ಪಟ್ಟಿಯಲ್ಲಿ ಗುರುತು ಹಾಕಿಕೊಂಡು ರಸೀತಿ ಬರೆದುಕೊಟ್ಟೆನು. ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ನೇಕಾರರ ಹುಡುಗನು ಆ ತಿಂಗಳು ಕಳೆಯುವಷ್ಟರಲ್ಲಿ ಶಾಲೆಯನ್ನು ಬಿಟ್ಟನು.

ಇಷ್ಟಾದರೂ ಮುಂದಿನ ವರ್ಷ ನಮ್ಮ ಹುಡುಗರೇ ಗೆದ್ದರು. ಹೊಸ ತರಬೇತುದಾರರ ಕೊರಳಿಗೆ ಮಾಲೆ ಬಿದ್ದಿತು. ನಾವು ಮಾಡಿದುದು ಸರಿಯಾಯಿತೆಂದು ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ಹಳೆಯ ಮೇಷ್ಟರು ಕಲಿಸಿದ ಹುಡುಗರು ಅವರು. ಆ ಕಲಿಕೆಯು ಇನ್ನೂ ಕಾಲಿನಲ್ಲಿತ್ತು. 1976ರಲ್ಲಿ ಆ ತಲೆಮಾರು ಶಾಲೆಯನ್ನು ಬಿಟ್ಟು ಹೋಯಿತು. ಬೆಳಗಿನ ಜಾವ ಏರಿಯ ಮೇಲೆ ಓಡಿಸುವವರಿರಲಿಲ್ಲ. ಅದಾದಮೇಲೆ ಆ ಫಲಕವು ಆ ಶಾಲೆಗೆ ಬಂದುದನ್ನು ನಾನು ಕೇಳಿಲ್ಲ.

ಈಗ ಹಂಗೆರಿಯ ಉಳಿದ ಕಥೆ. ಬೆರ್ನಿನ ನಂತರದ ಆ 18 ಪಂದ್ಯಗಳನ್ನು ನಾನು ಓದುವ ಬಗೆಯು ವಾಚಕರಿಗೆ ಈಗ ಅರ್ಥವಾದೀತು. ತಂಡವು ಗೆಲ್ಲುತ್ತಿತ್ತು, ಆದರೆ ಗೆಲ್ಲುವವರ ಹಿಂದೆ ಯಾರೂ ನಿಂತಿರಲಿಲ್ಲ. 1956ರ ಮೊದಲ ಭಾಗದಲ್ಲಿ ತುರ್ಕಿ, ಜೆಕೊಸ್ಲೊವಾಕಿಯ, ಬೆಲ್ಜಿಯಂಗಳಿಗೆ ಸೋತೊಡನೆ ಶೆಬೆಶನನ್ನು ತೆಗೆದುಹಾಕಿದರು. ಅದರ ಮೇಲೂ ಸೆಪ್ಟೆಂಬರಿನಲ್ಲಿ ಅದೇ ಆಟಗಾರರು ಮಾಸ್ಕೋ ನಗರಕ್ಕೆ ಹೋಗಿ, ಅದುವರೆಗೆ ತನ್ನ ನೆಲದಲ್ಲಿ ಸೋಲನ್ನು ಕಾಣದಿದ್ದ ಸೋವಿಯತ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿದರು. ಅಕ್ಟೋಬರ್ 23ರಂದು ಬುಡಾಪೆಸ್ಟಿನಲ್ಲಿ ಜನರ ದಂಗೆಯೆದ್ದಿತು; ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರವನ್ನು ಹೊಕ್ಕುವು. ಸ್ಪೇನಿನ ಬಿಲ್ಬಾವೊ ತಂಡದೊಡನೆ ಪಂದ್ಯವಾಡಲು ಹೊನ್ವೇದಿನವರು ಆಗ ಪರದೇಶದಲ್ಲಿದ್ದರು. ಎರಡನೆಯ ಪಂದ್ಯವನ್ನು ತಮ್ಮ ಊರಿನಲ್ಲಿ ಆಡಲಾರದೆ ಬ್ರಸೆಲ್ಸಿನಲ್ಲಿ ಆಡಿದರು. ಪುಷ್ಕಾಶ್, ಕೋಚಿಶ್, ಚಿಬೋರ್ ಮೂವರೂ ಮನೆಗೆ ಹಿಂದಿರುಗಲಿಲ್ಲ. ಬೋಜಿಕನು ಹಿಂದಿರುಗಿದನು. ಪಕ್ಕದ ಮನೆಯ ಗೆಳೆಯರು ಬೇರೆಬೇರೆಯಾದರು. 1958ರ ವಿಶ್ವಕಪ್ಪಿನಲ್ಲಿ ಹಂಗೆರಿಯು ವೇಲ್ಸಿಗೆ ಸೋತು ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು.

ದೇಶವನ್ನು ಬಿಟ್ಟವರ ಕಾಲಿನಲ್ಲಿ ವಿದ್ಯೆಯೇನೂ ಇಂಗಿರಲಿಲ್ಲ. ಮೂವತ್ತೊಂದನೆಯ ವಯಸ್ಸಿನಲ್ಲಿ, ಮೈ ಬೆಳೆದು ಹೊಟ್ಟೆ ಮುಂದೆ ಬಂದಿದ್ದ ಪುಷ್ಕಾಶನನ್ನು ರಿಯಲ್ ಮ್ಯಾಡ್ರಿಡ್ಡಿನವರು ಸೇರಿಸಿಕೊಂಡರು. 1960ರ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಅವನೊಬ್ಬನೇ ನಾಲ್ಕು ಗೋಲು ಹೊಡೆದನು. ಕೋಚಿಶ್ ಮತ್ತು ಚಿಬೋರರು ಬಾರ್ಸಿಲೋನಾ ಸೇರಿದರು. 1961ರಲ್ಲಿ ಅದೇ ಕಪ್ಪಿನ ಅಂತಿಮ ಪಂದ್ಯವು ಅವರನ್ನು ಎಲ್ಲಿಗೆ ಕರೆದೊಯ್ದಿತೆಂದು ವಾಚಕರು ಊಹಿಸಲಾರರು: ಬೆರ್ನಿನ ಅದೇ ವಾಂಕ್‌ಡೋರ್ಫ್ ಕ್ರೀಡಾಂಗಣಕ್ಕೆ. ಇಬ್ಬರೂ ಒಂದೊಂದು ಗೋಲು ಹೊಡೆದರು. ಚೆಂಡು ಮತ್ತೆ ಮತ್ತೆ ಕಂಬಕ್ಕೆ ಬಡಿಯಿತು. ಬೆನ್ಫಿಕಾ ತಂಡಕ್ಕೆ ಮೂರಕ್ಕೆ ಎರಡರಿಂದ ಸೋತರು. ಕಾದಂಬರಿಯಲ್ಲಿ ಹೀಗೆ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಪುಷ್ಕಾಶನು ತನ್ನ ಊರನ್ನು ಮತ್ತೆ ನೋಡಿದುದು 1981ರಲ್ಲಿ. ಇಂದು ಬುಡಾಪೆಸ್ಟಿನ ದೊಡ್ಡ ಕ್ರೀಡಾಂಗಣಕ್ಕೆ ಅವನ ಹೆಸರಿದೆ.

ಸೋತವರನ್ನು ಬೇರೆ ರೀತಿಯಲ್ಲಿ ನಡೆಸಿಕೊಳ್ಳುವುದು ಸಾಧ್ಯವೇ ಇಲ್ಲವೆಂದು ಯಾರಾದರೂ ಹೇಳಿದರೆ ಅದಕ್ಕೆ ಉತ್ತರವು ನಮ್ಮ ದೇಶದಲ್ಲಿಯೇ ಇದೆ. ಹಂಗೆರಿಯವರು ಚಿನ್ನ ಗೆದ್ದ 1952ರ ಹೆಲ್ಸಿಂಕಿಯಲ್ಲಿಯೇ ನಮ್ಮ ತಂಡವು ಯುಗೊಸ್ಲಾವಿಯಕ್ಕೆ ಹತ್ತಕ್ಕೆ ಒಂದರಿಂದ ಸೋತಿತು. ನಮ್ಮವರಲ್ಲಿ ಹಲವರು ಆ ಚಳಿಯಲ್ಲಿ ಬರಿಗಾಲಿನಲ್ಲಿ ಆಡಿದ್ದರು. ತಂಡವನ್ನು ತಿದ್ದಿ ಕರೆದೊಯ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು. ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಹುಡುಗರು ಬೂಟು ಹಾಕಿಕೊಂಡು ಆಡುವುದನ್ನು ಕಲಿತರು. 1956ರಲ್ಲಿ ಮೆಲ್ಬೋರ್ನಿಗೆ ಹೋಗುವಾಗ ತಂಡವನ್ನು ಮತ್ತೆ ಅದೇ ರಹೀಮರ ಕೈಗೆ ಕೊಟ್ಟಿದ್ದರು. ಅಲ್ಲಿ ಭಾರತವು ಆಸ್ಟ್ರೇಲಿಯವನ್ನು ಗೆದ್ದು ನಾಲ್ಕನೆಯ ಸ್ಥಾನಕ್ಕೆ ಬಂದಿತು. ಉಪಾಂತ್ಯದಲ್ಲಿ ಎದುರಾದ ಯುಗೊಸ್ಲಾವಿಯಕ್ಕೆ ಮತ್ತೆ ಸೋತರು. ಈ ಸಲ ನಾಲ್ಕಕ್ಕೆ ಒಂದು. ಹತ್ತಕ್ಕೂ ನಾಲ್ಕಕ್ಕೂ ನಡುವಿನ ಆ ಆರು ಗೋಲುಗಳನ್ನು ನಾನು ಚಿನ್ನದ ಪದಕಕ್ಕಿಂತ ಕಡಿಮೆಯೆಂದು ಎಣಿಸಲಾರೆ. ಚಿನ್ನವೂ ಬಂದಿತು, 1962ರ ಏಷ್ಯಾ ಕ್ರೀಡೆಗಳಲ್ಲಿ, ಅವರ ಕೈಯಲ್ಲಿಯೇ. ಮರುವರ್ಷ ಅವರು ತೀರಿಕೊಂಡರು.

ಭಾನುವಾರ ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆನು. ಹಂಗೆರಿಯ ಭಾಗವನ್ನು ಅವನು ಕಣ್ಣರಳಿಸಿ ಕೇಳಿದನು. ಮೇಷ್ಟರ ಭಾಗವನ್ನು ಹೇಳಬೇಕೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಹೇಳಿದೆನು; ಅವನ ಅಜ್ಜಿಗೂ ನಾನು ಹೇಳಿರದ ಸಂಗತಿಯದು. ಅವನು ಬಹಳ ಹೊತ್ತು ಏನೂ ಮಾತಾಡದೆ ಲೋಟವನ್ನು ತಿರುಗಿಸುತ್ತ ಕುಳಿತನು. ಆಮೇಲೆ, “ಇವರ ಕೋಚನ್ನು ತೆಗೆಯುವುದಿಲ್ಲ ತಾತ. ಮೊನ್ನೆ ಗುರುವಾರವೇ ಇನ್ನೆರಡು ವರ್ಷಕ್ಕೆ ಕರಾರು ಮಾಡಿಕೊಂಡಿದ್ದಾರೆ, ನಾಲ್ಕು ಸೋತಿದ್ದರೂ. ರಾತ್ರಿ ನಾನು ಸಿಟ್ಟಿನಲ್ಲಿ ಅಂದೆ” ಎಂದನು.

“ಆ ಗೋಲಿ ಹುಡುಗ ಏನಾದ?”

“ಪೇಟೆಯಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟನು. ನಾನು ಆ ಊರಿನಲ್ಲಿ ಇರುವಷ್ಟು ಕಾಲವೂ ಆ ಬೀದಿಯಲ್ಲಿ ಹೋಗುವುದನ್ನು ತಪ್ಪಿಸಿಕೊಂಡೆ.”

“ಮೇಷ್ಟ್ರು?”

“1991ರಲ್ಲಿ ತೀರಿಕೊಂಡರೆಂದು ಕೇಳಿದೆ. ನನಗೆ ಆಗಲೇ ವರ್ಗವಾಗಿತ್ತು. ಹೋಗಲಿಲ್ಲ.”

“ಆ ಹದಿನೈದು ರೂಪಾಯಿ?”

ಅವನು ಇದನ್ನು ಕೇಳುವನೆಂದು ನಾನು ಎಣಿಸಿರಲಿಲ್ಲ. ಅಕ್ಟೋಬರ್ ಒಂದನೆಯ ತಾರೀಖು ಬೆಳಗ್ಗೆ, ಶಾಲೆಯ ಬೀಗ ತೆಗೆಯುವ ಮೊದಲೇ, ಮೇಷ್ಟರು ನನ್ನ ಕೋಣೆಗೆ ಬಂದಿದ್ದರು. ಸಭೆಯು ಮುಗಿದು ಆಗ ಐದು ದಿನವಾಗಿತ್ತು. ಎಂದಿನಂತೆ ಬಾಗಿಲಲ್ಲಿಯೇ ನಿಂತು, ಒಂದು ಹತ್ತರ ನೋಟನ್ನೂ ಐದು ಒಂದು ರೂಪಾಯಿಯ ನೋಟುಗಳನ್ನೂ ನನ್ನ ಮೇಜಿನ ಮೇಲಿಟ್ಟು, “ಎಣಿಸಿಕೊಳ್ಳಿ ಸ್ವಾಮಿ” ಎಂದರು. ನಾನು ಎಣಿಸಿಕೊಂಡೆನು.